ಎಷ್ಟು ಪಾಯಿಂಟಿನ ಮೊಳಿ

ಗದಗಿನ ಲೂಪ್ ಲೈನಿನಾಗ ಗೂಡ್ಸ್ ನಿಂತ್ರ
ಹದಿನೈದು ಮಿನಿಟು, ಒಮ್ಮೊಮ್ಮೆ ತಾಸು.
ಬ್ರೇಕ್‌ವ್ಯಾನಿನ ಮೆಟ್ಟಲಾ ಇಳದು ನಿಂತಿರತಿದ್ದೆ ನಾನು
ಕೈಯಾಗ ಹಸರು ಲೈಟು,
ಅಂಗಿ ತುಂಬ ಹೊಸಪೇಟಿ ಅದಿರಿನ ಕೆಂಪು.
ಹಳಿ ದಾಟಿ ನೀ ಬರತಿದ್ದಿ, ಕಾಳಪ್ಪ,
ಕಿವಿ ಸಂದಿನಾಗ ಪೆನ್ಸಿಲ್ಲು,
ಹುಬ್ಬಿನ ಮ್ಯಾಲ ಸಾಗವಾನಿ ಹುಡಿ,
ವರದಿ ಒಪ್ಪಿಸಾಂವನಂಗ:
"ಮಾವ ಉಂಡಾನ. ಅರ್ಧಾ ರೊಟ್ಟಿ, ಹಾಲಾಗ ನೆನಸಿದ್ದು.
ಗಡ್ಡಾ ಬೋಳಸೇನಿ. ಒಂದ ಕಡೆ ಕೊಯ್ತು, ಬೈದಾನ.
ನೀ ಹತ್ತು, ಸಿಗ್ನಲ್ ಬಿತ್ತು."

ಹುಬ್ಬಳ್ಳಿಂದ ಗದಗಿಗೆ ಒಂದ ತಾಸಿನ ಹಾದಿ.
ದೂರಿತ್ತು ಅಂತ ಹೇಳಾಕ ಬರಂಗಿಲ್ಲ.

ಮಾವ ನಲವತ್ತು ವರ್ಷ ಪ್ರೆಸ್ಸಿನಾಗ ಮೊಳಿ ಜೋಡಿಸಿದಾಂವ.
ಲಗ್ನಪತ್ರಿಕಿ, ಹತ್ತಿ ಅಡತಿಯ ಪಾವತಿ ಪುಸ್ತಕ,
ಸತ್ತವರ ಹನ್ನೊಂದನೇ ದಿನದ ಕಾರ್ಡು.
ಊರ ಮಂದಿ ಹೆಸರೆಲ್ಲಾ ತಲಿಕೆಳಗ ಓದಿದಾಂವ.
ಮದಲು ಒತ್ತಕ್ಷರ ಮರತ.
ಆಮ್ಯಾಲ ಓಣಿ ಮರತ.
ಒಂದಿನಾ ನಿನ್ನ ಕೈ ಹಿಡದು "ತೋಂಟೇಶಾ" ಅಂದ.

ಅದು ನನ್ನ ಹೆಸರು.
ನೀ ತಿದ್ದಲಿಲ್ಲ.
"ಹೂಂ ಮಾವಾ" ಅಂದಿ.
ಆರು ವರ್ಷ ಅಂದಿ.
ನಾ ಮಾತ್ರ ರಾತ್ರಿ ಎರಡಕ್ಕ
ಅವನ ಕಿಡಕಿ ನಡಗಸಿ ಹೋಗೋ ಗಾಡಿ.

ಒಮ್ಮೆ ಗ್ವಾಡಿಗೆ ಮೊಳಿ ಹೊಡೀತಿದ್ದಿ,
ಮಾವನ ಅಂಗಿ ತೂಗಹಾಕಾಕ.
ಹಾಸಿಗ್ಯಾಗ ಎದ್ದ ಕೂತು ಅಂವ ಕೇಳಿದ,
"ಎಷ್ಟು ಪಾಯಿಂಟಿಂದೋ ಮೊಳಿ?"
ಸುತಗಿ ಕೆಳಗಿಟ್ಟಿ.
ಮೊಳಿ ಬೆಳಕಿಗೆ ಹಿಡದಿ, ಕಣ್ಣ ಸಣ್ಣ ಮಾಡಿ ನೋಡಿ
"ಹನ್ನೆರಡು" ಅಂದಿ.
"ತಲಿಬರಹಕ್ಕ ಸಾಲಂಗಿಲ್ಲ. ಹದಿನೆಂಟು ತಾ."
ನೀ ಅಂಗಡಿ ತನಕಾ ಹೋಗಿ
ದೊಡ್ಡ ಮೊಳಿ ತಂದಿ.

ನಾ ಕೊಟ್ಟ ರೊಕ್ಕದ ಲೆಕ್ಕ
ಪ್ಲೈವುಡ್ ತುಂಡಿನ ಹಿಂದ ಬರೀತಿದ್ದಿ:
ಗುಳಗಿ, ಬ್ಲೇಡು, ಪಾವ್ ಕಿಲೋ ಸಕ್ಕರಿ.
ಉಳದದ್ದು ಎಣಿಸಿ ತಿರುಗಿ ಕೊಡತಿದ್ದಿ.
ನಾ ಇಸಗೋತಿದ್ದೆ. ಅದನ್ನ ಹ್ಯಾಂಗ ಇಸಗೊಂಡೆ ನಾನು?

ಹನ್ನೆರಡು ದಿನಕ್ಕೊಮ್ಮೆ ನಳ ಬರೋ ಓಣಿ.
ಮದಲು ಮಾವನ ಬ್ಯಾರಲ್ಲು, ಆಮ್ಯಾಲ ನಿನ್ನ ಮನೀದು.
ಕಸ್ತೂರೆವ್ವ ಒಮ್ಮೆ ನನ್ನ ಮುಂದ ಅಂದಳು:
"ನಮ್ಮಪ್ಪ ಬಿದ್ದಾಗ ಇವರಿಗೆ ಪುರಸೊತ್ತು ಸಿಗಲಿಲ್ಲರಿ."
ನಕ್ಕೊಂತನ ಅಂದಳು.
ನನ್ನ ಕೈಯಾಗಿನ ಚಾದ ಬಸಿ ಗಲಗಲ ಅಂತು.

ಮುಳಗುಂದ ನಾಕಾದಾಗ ಅಂತ,
ಬಾಗಲ ಚೌಕಟ್ಟು ಸೈಕಲ್ಲಿಗೆ ಬಿಗದು ತಳ್ಳಕೊಂತ ಹೊಂಟಾಂವ
ಎದಿ ಹಿಡಕೊಂಡೆಂತ.
ಮದಲು ಸೈಕಲ್ಲು ಗ್ವಾಡಿಗೆ ಆನಿಸಿ,
ಚೌಕಟ್ಟು ಜಾರದಂಗ ನೋಡಿ,
ಆಮ್ಯಾಲ ಕುಂತೆಂತ.
ಕಟಗೀಗೆ ಒಂದು ಗೀರೂ ಬಿದ್ದಿರಲಿಲ್ಲ, ಅಂದ್ರು ಮಂದಿ.
ಆ ಹೊತ್ತಿಗೆ ನನ್ನ ಗಾಡಿ ಅಣ್ಣಿಗೇರಿ ದಾಟಿತ್ತು.

ನೌಕರಿಗೆ ರಾಜೀನಾಮೆ ಕೊಟ್ಟು, ಟ್ರಂಕು ಹೊತಗೊಂಡು
ನಾ ಬಂದೆ. ಅಂತೂ ಬಂದೆ.
ಮಾವ ನನ್ನ ಅಂಗೈ ತಿರುವಿ ತಿರುವಿ ನೋಡಿದ,
ಹೆಬ್ಬಟ್ಟಲೆ ಒರಸಿ ಒರಸಿ, ಪ್ರೂಫ್ ತಿದ್ದಾಂವನಂಗ.
"ತಪ್ಪು ಬಿದ್ದತಿ," ಅಂದ.
"ನೀ ತೋಂಟೇಶ ಅಲ್ಲ.
ಅವನ ಕೈಯಾಗ ಗಂಟದಾವ. ಮೈಗೆ ಕಟಗಿ ವಾಸನಿ ಐತಿ.
ಎಲ್ಲದಾನ ಅಂವ?
ಇವತ್ತು ನಳ ಬರೋ ದಿನ."

ಏನ ಹೇಳಲಿ, ಕಾಳಪ್ಪ?
"ಬರತಾನ," ಅಂದೆ,
"ಡ್ಯೂಟಿ ಮ್ಯಾಲ ಅದಾನ."

ಗ್ವಾಡಿ ಮ್ಯಾಲಿನ ಹದಿನೆಂಟು ಪಾಯಿಂಟಿಗೆ
ನನ್ನ ಅಂಗಿ ಬಿಚ್ಚಿ ಹಾಕಿ
ಬನೀನಿನ ಮ್ಯಾಲ ಹೊರಗ ಹೋದೆ.
ಪೈಪು ಕಸ್ತೂರೆವ್ವನ ಬ್ಯಾರಲ್ಲಿಗೆ ಮದಲು ಹಾಕಿದೆ.
ಆಕಿ ಬ್ಯಾಡ ಅನಲಿಲ್ಲ.