ಬಲಗಡೆಯ ಪಾಟಾ

ಮೂರು ಲಕ್ಷ ಹನ್ನೊಂದು ಸಾವಿರ ಕಿಲೋಮೀಟರು ಓಡಿದ ಬಕ್ಕಿ.
ಪಿಕಪ್ಪಿಗೆ ನಾವು ಹಾಗನ್ನುತ್ತೇವೆ.
ಕಾಗದದಲ್ಲಿ ಬಿಳಿ ಅಂತಿದೆ. ನೋಡಿದರೆ ಒಪುವೊ ಊರಿನ ಧೂಳಿನ ಬಣ್ಣ.
ಕೊಂಡೆ. ಎರಡು ಹೋರಿ, ಒಂದಿಷ್ಟು ನಗದು.
ದನಗಳಿಗೆ ಲಸಿಕೆ ಹಾಕುವವನಿಗೆ
ದನ ಇರುವಲ್ಲಿಗೆ ಹೋಗುವ ಗಾಡಿ ಬೇಕು;
ದನ ಇರುವುದು ರಸ್ತೆ ಮುಗಿದ ಮೇಲೆ,
ಹೋವಾರುಸಿಬ್ ಹೊಳೆಯ ಆಚೆ ದಡದಲ್ಲಿ.
ಹೊಳೆ ಅಂದರೆ ನೀರಲ್ಲ, ಬರೀ ಮರಳು.

ಗಾರಿಸೆಬ್ ಗಾಡಿಗೆ ಒಂದು ಸುತ್ತು ಬಂದ.
ಮುಟ್ಟಲಿಲ್ಲ. ದೂರ ನಿಂತು, ಒಂದು ಕಣ್ಣು ಮುಚ್ಚಿ,
ಸಂತೆಯಲ್ಲಿ ಎತ್ತಿನ ನಡಿಗೆ ನೋಡುವವನ ಹಾಗೆ.
"ಬಲಕ್ಕೆ ವಾಲಿದೆ, ಮೂರು ಬೆರಳು.
ಓಡಿಸುತ್ತಿದ್ದವನು ದಪ್ಪಗಿದ್ದನಾ?"

ದಪ್ಪಗಿದ್ದ. ಕೈಂಬಿರೆ ಕೂತರೆ ಕುರ್ಚಿ ಮಾತಾಡುತ್ತಿತ್ತು.
ಹತ್ತೊಂಬತ್ತು ವರ್ಷ ಅದೇ ಸೀಟಿನಲ್ಲಿ ಕೂತು
ನೀರಿನ ಡ್ರಮ್ಮು, ಮೇಕೆ, ಬಸುರಿಯರು, ಚರ್ಚಿನ ಬೆಂಚು
ಎಲ್ಲ ಸಾಗಿಸಿದ.
ಹೋದ ಬೇಸಗೆಯಲ್ಲಿ ಅವನನ್ನೂ ಇದೇ ಗಾಡಿ ಸಾಗಿಸಿತು,
ಹಿಂದೆ, ಮಲಗಿಸಿಕೊಂಡು.
ಮಾರಿದವಳು ಹೆಂಡತಿ ಮುನಿಯೋವಿನಾ.

ನಾಲ್ಕು ದಿನದ ಕೆಲಸ.
ಯು-ಬೋಲ್ಟುಗಳು ಜಪ್ಪಯ್ಯ ಅನ್ನಲಿಲ್ಲ;
ಡೀಸೆಲ್ಲು ಸುರಿದೆವು, ಬೈದೆವು, ಕೊನೆಗೆ ಬೆಂಕಿ ತೋರಿಸಿದೆವು.
ಹಳೆ ಪಾಟಾ ಕಳಚಿ ನೆಲಕ್ಕಿಟ್ಟರೆ
ಕಮಾನು ಅನ್ನಲು ನಾಚಿಕೆ, ಹಲಗೆಯಂತೆ ಚಪ್ಪಟೆ.
ಬುಷ್ಷುಗಳು ಬೆರಳಲ್ಲೇ ಪುಡಿಯಾದವು.
ಹೊಸ ಪಾಟಾ ಎರಡಿಂಚು ಎತ್ತರ. ಶಾಕು ಹೊಸದು.
ಗಾಡಿ ಮೇಲೆದ್ದಿತು, ಬ್ರೇಕಿನ ಪೈಪು ಗಿಡ್ಡವಾಯಿತು,
ಅದಕ್ಕೇ ಒಂದು ದಿನ ಹಿಡಿಯಿತು.
ಟಯರು ಮಾತ್ರ ಹಳೇವು:
ಪ್ರವಾಸಿ ಕಂಪನಿಯೊಂದು ಎರಡು ಸೀಸನ್ ಓಡಿಸಿ ಬಿಸಾಕಿದವು.
ಅಗಲ ಮುಖ, ದಪ್ಪ ಪಕ್ಕೆ,
ಹಲ್ಲುಗಳ ಸಂದಿಯಲ್ಲಿ ಇನ್ನೂ ಯಾವುದೋ ಕಡಲತೀರದ ಚಿಪ್ಪಿನ ಚೂರು.

ದೀಪ ಹಚ್ಚಿದರೆ ಈಗ ದಾರಿ ಕಾಣುವುದಿಲ್ಲ,
ಮೊಪಾನೆ ಮರದ ತುದಿ ಕಾಣುತ್ತದೆ.
ಚಕ್ರ ದೊಡ್ಡದಾಯಿತಲ್ಲ,
ಮೀಟರು ಅರವತ್ತು ಅಂದರೆ ಅರವತ್ತಲ್ಲ, ಇನ್ನೂ ನಾಲ್ಕು ಜಾಸ್ತಿ.
"ದೀಪ ಬಗ್ಗಿಸಿ ಕೊಡುತ್ತೇನೆ," ಅಂದ ಗಾರಿಸೆಬ್,
"ಸುಳ್ಳಿಗೆ ನನ್ನ ಹತ್ತಿರ ಸ್ಪಾನರಿಲ್ಲ. ಲೆಕ್ಕ ನೀನೇ ಇಟ್ಟುಕೊ."

ಐದನೆಯ ದಿನ ಮುನಿಯೋವಿನಾ ಬಂದಳು.
ಹಸುವಿನ ಕೊಂಬಿನಂತೆ ಕಟ್ಟಿದ ರುಮಾಲು, ನೆಲ ಗುಡಿಸುವ ಲಂಗ,
ಕೊಡಲು ಮರೆತಿದ್ದ ಎರಡನೇ ಕೀಲಿಕೈ.
ತುಂಬ ಹೊತ್ತು ನೋಡಿದಳು.
"ನೆಟ್ಟಗೆ ನಿಂತಿದೆ" ಅಂದಳು,
ಮಗ ಬೇರೆ ಯಾರದೋ ಅಂಗಿ ತೊಟ್ಟು ಮನೆಗೆ ಬಂದಾಗ
ಅನ್ನುವ ದನಿಯಲ್ಲಿ.
ಒಮ್ಮೆ ಕೂರಬಹುದಾ ಅಂದಳು. ಕಾಲು ಎಟುಕಲಿಲ್ಲ.
ಬೀರಿನ ಕ್ರೇಟು ಮಗುಚಿ ಇಟ್ಟೆ.
ಲಂಗ ಎರಡೂ ಕೈಲಿ ಎತ್ತಿ ಹಿಡಿದು ಹತ್ತಿ,
ಎಡಗಡೆ ಕೂತು,
ಗಾಜಿನಾಚೆ ನೋಡುತ್ತಾ,
"ಮೊದಲು ನಾನು ಅವನ ಕಡೆ ಜಾರುತ್ತಿದ್ದೆ.
ಇಡೀ ದಾರಿ ಕೈಯೂರಿ ತಡೆಯಬೇಕಿತ್ತು.
ಬೈಯುತ್ತಿದ್ದೆ."

ಇಳಿದು, ಬಲಗಡೆಯ ಹಳೆ ಪಾಟಾ ಕೇಳಿದಳು.
ಗಾರಿಸೆಬ್‌ಗೆ ಸಂಕಟ, ಅದರಲ್ಲಿ ನಾಲ್ಕು ಮಚ್ಚು ಆಗುತ್ತಿತ್ತು.
ಆದರೂ ಗ್ರೀಸು ಒರೆಸಿ, ಗೋಣಿ ಸುತ್ತಿ ಕೊಟ್ಟ.
"ಎಡಗಡೆಯದು?" ಅಂದೆ.
"ಅದು ನನ್ನ ಭಾರ. ನಾನಿನ್ನೂ ಇದ್ದೀನಲ್ಲ."

ಈಗ ಹೊಳೆಯ ಅಂಚು.
ಲಸಿಕೆ ಡಬ್ಬಿಯಲ್ಲಿ ಐಸು ಕರಗುತ್ತಿದೆ.
ಇಳಿದು, ಕುಕ್ಕರಗಾಲಲ್ಲಿ ಕೂತು, ಕಡ್ಡಿ ಒತ್ತಿ
ಒಂದೊಂದೇ ಟಯರಿನ ಗಾಳಿ ಬಿಡುತ್ತೇನೆ,
ಪಕ್ಕೆ ಉಬ್ಬಿ, ಹೊಟ್ಟೆ ನೆಲಕ್ಕೆ ತಾಗುವವರೆಗೆ.
ಎರಡನೇ ಗೇರು. ನಿಲ್ಲಿಸಬಾರದು, ಬ್ರೇಕು ಒತ್ತಬಾರದು.
ಮರಳು ಮೊದಲು ಹಿಡಿಯುತ್ತದೆ, ಆಮೇಲೆ ಬಿಡುತ್ತದೆ.

ಗಾಡಿ ನೆಟ್ಟಗಿದೆ. ನಾನು ಸಣಕಲ.
ಇದಕ್ಕೆ ವಾಲುವುದು ಕಲಿಸಲು ಎಷ್ಟು ವರ್ಷವೋ.
ಹಿಂದೆ ಬೀರಿನ ಕ್ರೇಟು ಕುಣಿಯುತ್ತಿದೆ.
ಅದನ್ನು ಇಳಿಸಿಲ್ಲ.