ಕೋರಂ

ಅರವತ್ತು ಕುರ್ಚಿ ಹಾಕಿದವನು ನಾನೇ.
ನೀರುಗಂಟಿಯ ಕೆಲಸದ ಪಟ್ಟಿಯಲ್ಲಿ ಕುರ್ಚಿ ಇಲ್ಲ, ಇರಲಿ.
ಹನ್ನೊಂದೂವರೆಗೆ ಬಂದವರು ಇಪ್ಪತ್ತಾರು,
ಮುಂದಿನ ಸಾಲಲ್ಲಿ ಕೊಡೆ ಊರಿಕೊಂಡು ಬೆಳ್ಯಪ್ಪ,
ಬಾಗಿಲ ಬಳಿ ಮೀನು ಮಾರುವ ಮೊಯ್ದು,
ಗಾಡಿ ಆಫ್ ಮಾಡದೆ.

ಪಿಡಿಒ ಮೇಡಂ ಎರಡು ಸಲ ಎಣಿಸಿದರು.
ಮೂರನೇ ಸಲವೂ ಸಭೆ ಮುಂದೂಡಿದರೆ
ಪೊನ್ನಂಪೇಟೆಯಿಂದ ನೋಟೀಸು.
‘ಹಾಡಿಗೆ ಜೀಪು ಕಳಿಸಿ’ ಅಂದರು ಯಾರೋ,
ಸಕ್ಕರೆ ತರಿಸಿ ಅಂದ ಹಾಗೆ.

ಸೊಂಟದ ಕಾಫಿ ಚೀಲ ಬಿಚ್ಚದೆಯೇ ಇಳಿದರು
ಹತ್ತೊಂಬತ್ತು ಮಂದಿ.
ನೇರಳೆ ಶಾಯಿ. ಒಂದೊಂದು ಹೆಬ್ಬೆಟ್ಟಿಗೂ
ಸಭೆ ಚೂರು ಚೂರೇ ಕಾನೂನಾಯಿತು.

ಅಂಬಲಕ್ಕೆ ದೀಪ: ಸರ್ವಾನುಮತ.
ಬೆಳ್ಯಪ್ಪನ ಮನೆತನಕ ಕಾಂಕ್ರೀಟು: ಸರ್ವಾನುಮತ.
ಆನೆ ಕಂದಕದ ಹೂಳು:
ಅದಕ್ಕೊಂದು ಜಗಳ, ಆಮೇಲೆ ಸರ್ವಾನುಮತ.
ಚಹಾ ಬಂತು.

ಆಗ ಎದ್ದಳು ಬೊಳಚಿ, ಲೋಟ ಕೆಳಗಿಟ್ಟು.
‘ಮೇಡಂ, ಇವತ್ತು ಎಷ್ಟು ಜನ?’
‘ನಲವತ್ತೈದು.’
‘ನಾನೂ ಸೇರಿ?’
‘ಸೇರಿ.’
‘ಹಂಗಾದ್ರೆ ನನ್ನ ಮನೆಗೂ ಒಂದು ನಂಬರು ಬರೀರಿ.’

ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರಲ್ಲ,
ಇದು ಉಲ್ಟಾ.
ಮೊಯ್ದು ಗಾಡಿ ಆಫ್ ಮಾಡಿದ.
ಬೆಳ್ಯಪ್ಪ ಕೊಡೆಯ ಹಿಡಿ ನೋಡಿಕೊಂಡ.
ಅವಳ ಮನೆ ಇರುವುದು ಅವನ ಬೇಲಿಯೊಳಗೆ.
ಮೇಡಂ ‘ಇತರೆ ವಿಷಯಗಳು’ ಎಂದು ಬರೆದು
ಕೆಳಗೆ ಗೆರೆ ಎಳೆದರು.
ಗೆರೆಯ ಕೆಳಗೆ ಏನು ಬರೆದರೋ
ನನ್ನ ಕಡೆಯಿಂದ ಕಾಣಲಿಲ್ಲ.

ಬೆಳಿಗ್ಗೆ ಆರಕ್ಕೆ ವಾಲ್ವು ತಿರುಗಿಸಿದೆ.
ತೋಟದ ಗೇಟಿನ ತನಕ ನೀರು ಓಡುವ ಸದ್ದು
ಹದಿನಾಲ್ಕು ವರ್ಷದಿಂದ ಗೊತ್ತು ನನಗೆ.
ಅಲ್ಲಿ ನಿಲ್ಲುವ ಸದ್ದು
ಇವತ್ತೇ ಕೇಳಿದ್ದು.