ಮೂಲೆಯ ವೃತ್ತ

ಎರಡು ರೂಪಾಯಿ ನಾಣ್ಯದಷ್ಟು ವೃತ್ತ.
ಪರದೆಯ ಬಲಮೂಲೆಯಲ್ಲಿ, ಕೆಳಗೆ.
ಅದರೊಳಗೆ ಕುತ್ತಿಗೆವರೆಗೆ ನಾನು,
ಚಲನೆಯ ನಿಯಮ ಹೇಳುತ್ತ
ಕದಲದೆ ಕೂತವಳು.

ದಾವಣಗೆರೆ ಮಂಡಿಪೇಟೆಯ ಫ್ಲೆಕ್ಸ್ ಅಂಗಡಿ ಕೊಟ್ರೇಶನೇ
ನಮ್ಮ ಶಾಲೆಗೆ ಎಡಿಟರ್ರು.
ಹುಟ್ಟುಹಬ್ಬದ ಬ್ಯಾನರುಗಳ ನಡುವೆ ಬಿಡುವು ಮಾಡಿಕೊಂಡು
ನನ್ನ ಕೆಮ್ಮು ಕತ್ತರಿಸುತ್ತಾನೆ,
ಕುಕ್ಕರಿನ ಎರಡು ಸೀಟಿ ಕತ್ತರಿಸುತ್ತಾನೆ.
ಅವನೇ ಒಂದಿನ ಅಂದ:
"ಮುಖ ಯಾಕ್ರೀ ಮಿಸ್? ಹುಡುಗ್ರು ಲೆಕ್ಕ ಬಿಟ್ಟು
ನಿಮ್ಮನ್ನೇ ನೋಡ್ತಾರೆ. ಜಾಗಾನೂ ದಂಡ."
ನಿಜವೇ. ನಾನೂ ನೋಡುವುದು ನನ್ನನ್ನೇ:
ಮುಕ್ಕಾದ ಮುಂಬಲ್ಲು,
"ಅಂದರೆ" ಎನ್ನುವಾಗೆಲ್ಲ ಮೇಲೇರುವ ಒಂದೇ ಹುಬ್ಬು.
ಇಪ್ಪತ್ತೆರಡು ವರ್ಷ ಮಕ್ಕಳು ನೋಡಿದ್ದು
ಇದನ್ನೇನಾ ಅಂತ.
ತೆಗೆದುಬಿಡಪ್ಪ ಅಂದೆ.
ಒಂದು ಕ್ಲಿಕ್ಕಿಗೆ ಹೋದೆ.
ನಾನಿದ್ದ ಜಾಗಕ್ಕೆ ಬಾಣದ ಗುರುತೊಂದು
ಆರಾಮಾಗಿ ಕಾಲು ಚಾಚಿತು.
ಹಾಯೆನಿಸಿತು. ಆ ವಾರ ನೈಟಿಯಲ್ಲೇ ಕೂತು
ಘರ್ಷಣೆಯ ಪಾಠ ಮುಗಿಸಿದೆ.

ಸೋಮವಾರ ಬಂದಳು ಮುಬೀನಾ,
ಬಾಷಾನಗರದ ಮಂಡಕ್ಕಿ ಭಟ್ಟಿಯ ಹುಡುಗಿ,
ದುಪಟ್ಟಾದ ಅಂಚಿಗೆ ಹೊಟ್ಟಿನ ಮಸಿ.
"ಒಂಬತ್ತನೇ ಪಾಠಕ್ಕೆ ಸೌಂಡೇ ಇಲ್ರೀ ಮಿಸ್."
ಹಚ್ಚಿ ತೋರಿಸಿದೆ. ಸ್ಟಾಫ್ ರೂಮ್ ತುಂಬ
ನನ್ನದೇ ಗಂಟಲು.
ಅವಳು ಪರದೆ ನೋಡಿದಳು, ನನ್ನ ನೋಡಿದಳು,
ಮತ್ತೆ ಪರದೆ.
"ಇಲ್ಲಿ ಐತ್ರೀ," ಅಂದಳು. "ಅಲ್ಲಿ ಇಲ್ಲ."

ಅಲ್ಲಿ ಅಂದರೆ
ಕಾದ ಮರಳು, ಜರಡಿ ಯಂತ್ರ, ಮೊರೆಯುವ ಒಲೆಬಾಯಿ.
ಅಮ್ಮ ಮಗಳನ್ನು ಕರೆಯುವುದೂ ಕೈಬೀಸಿ.
ಚೀಲಗಳ ಮರೆಯಲ್ಲಿ ಅಪ್ಪನ ಫೋನು.
ಎಂಟು ಪಾಠ ಅವಳು ಕೇಳಿದ್ದು
ನನ್ನ ತುಟಿಯನ್ನು.

ನಾಚಿಕೆಯಾಯಿತು ಅಂತ ಬರೆದರೆ ಸುಲಭ.
ಮೊದಲು ಬಂದದ್ದು ಸಿಟ್ಟು, ಯಾರ ಮೇಲೋ ಗೊತ್ತಿಲ್ಲ.
ಆಮೇಲೆ ಕೊಟ್ರೇಶನಿಗೆ ಫೋನು:
ವೃತ್ತ ದೊಡ್ಡದು ಮಾಡು,
ಬಾಣ ಗಿಡ್ಡವಾದರೆ ಆಗಲಿ.

ಈಗ ಇಸ್ತ್ರಿ ಸೀರೆ, ಕಿಟಕಿಗೆ ಎದುರಾಗಿ ಕುರ್ಚಿ,
ಕನ್ನಡಿ ಮುಂದೆ ಅಭ್ಯಾಸ.
ಪ, ಬ, ಮ – ಮೂರಕ್ಕೂ ತುಟಿ ಮುಚ್ಚುವುದು ಒಂದೇ ಥರ.
ಇಷ್ಟು ವರ್ಷ ಬಾಯಿ ನನ್ನದೇ ಇತ್ತು,
ನೋಡಿರಲಿಲ್ಲ.

ಕಿರುಪರೀಕ್ಷೆಯ ಹಾಳೆಯಲ್ಲಿ ಮುಬೀನಾ
ಎರಡನೇ ನಿಯಮ ಸರಿಯಾಗಿಯೇ ಬರೆದಿದ್ದಾಳೆ,
ಒಂದಕ್ಷರ ಬಿಟ್ಟು:
ಫಲ = ದ್ರವ್ಯರಾಶಿ × ವೇಗೋತ್ಕರ್ಷ.
ಕೆಂಪು ಪೆನ್ನು ಹಿಡಿದು ಕೂತಿದ್ದೇನೆ.
"ಬಲ" ಅನ್ನುತ್ತೇನೆ, ದನಿ ತೆಗೆಯದೆ,
ಖಾಲಿ ಕೋಣೆಯ ಕನ್ನಡಿಗೆ.
ಅವಳು ಬರೆದಿರುವುದೇ ಕಾಣುತ್ತದೆ.